ಬೆರಕೆ ಎಂಬ ಹೆಸರಿನ ಬೆಕ್ಕು

ನಮ್ಮ ಮನೆಗೆ ಬಂದವರು ಬೆಕ್ಕನ್ನು ನೋಡಿ "ಇದು ಎಂತ ಬೆಕ್ಕು?" ಎಂದು ಕೇಳದೆ ಹೋದರೆ ನನಗೆ ಸಿಟ್ಟು ಬರುತ್ತಿತ್ತು. ಚಹಾ ಕುಡಿದು, ಬಿಸ್ಕತ್ತು ತಿಂದು, ಬೆಕ್ಕು ಅವರ ಕಾಲಬುಡದಲ್ಲೇ ಹಾದುಹೋದರೂ ಹೈವೇ ಕೆಲಸದ ಧೂಳಿನ ಬಗ್ಗೆಯೇ ಮಾತಾಡುತ್ತಾ ಕುಳಿತರೆ, ಕೊನೆಗೆ ನಾನೇ "ನಮ್ಮ ಬೆಕ್ಕನ್ನು ನೋಡಿದ್ರಾ?" ಎಂದು ಶುರುಮಾಡುತ್ತಿದ್ದೆ. "ಹೌದಲ್ಲ, ಕಾಡುಬೆಕ್ಕಿನ ಹಾಗೆ ಉಂಟು" ಎಂದರೆ ಆಯಿತು, ನನ್ನ ಬಾಯಿ ಬಿಚ್ಚಿಕೊಳ್ಳುತ್ತಿತ್ತು. "ಕಾಡಿನದ್ದೇ. ಇದರ ಮುತ್ತಜ್ಜಿಯ ಕಡೆಯವರು ಕಾಡಿನವರು, ಮುತ್ತಜ್ಜನ ಕಡೆಯವರು ಮನೆ ಬೆಕ್ಕುಗಳು. ಹೈಬ್ರಿಡ್." ಆ ಕೊನೆಯ ಪದ ಹೇಳುವಾಗ ನನ್ನ ಸ್ವರ ತಾನಾಗಿ ಏರುತ್ತಿತ್ತು. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ನಾನು ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಹಿಂದಿನ ಕೋಣೆಗಳಲ್ಲಿ ನಾನು, ಅಮ್ಮ. ಗಂಡ ಶಾರ್ಜಾದಲ್ಲಿ. ನಮಗೆ ಮಕ್ಕಳಿಲ್ಲ. ಕಳೆದ ವರ್ಷ ಏಪ್ರಿಲಿನಲ್ಲಿ ಬಿಸು ಹಬ್ಬಕ್ಕೆ ರಜೆಯಲ್ಲಿ ಬಂದವರು "ನಿನಗೊಂದು ಜೊತೆ ಬೇಕಲ್ಲ" ಎಂದು ಕಲ್ಲಿಕೋಟೆಯಿಂದ ಬೆಂಗಾಲ್ ಎಂಬ ಜಾತಿಯ ಹೆಣ್ಣುಮರಿಯೊಂದನ್ನು ತರಿಸಿದರು. ಇಡೀ ದಿನ ನನ್ನ ಪಕ್ಕದಲ್ಲೇ ಇರುವ ಅಮ್ಮ ಜೊತೆಯ ಲೆಕ್ಕಕ್ಕೆ ಬರಲಿಲ್ಲವಲ್ಲ ಎಂಬುದನ್ನು ಅಮ್ಮ ಇನ್ನೂ ಮರೆತಿಲ್ಲ.

ಮೊಬೈಲಿಗೆ ಬಂದ ಫೋಟೊದಲ್ಲಿ ಮರಿಯ ಮೈತುಂಬ ಕಪ್ಪು ಚುಕ್ಕೆ, ಚಿನ್ನದ ಬಣ್ಣದ ಮೈ. ಪೆಟ್ಟಿಗೆಯಿಂದ ಹೊರಗೆ ಬಂದದ್ದು ಬೂದಿಯಲ್ಲಿ ಹೊರಳಿ ಎದ್ದಂಥ ಒಂದು ಪ್ರಾಣಿ. ಉದ್ದ ಉದ್ದ ನರೆಗೂದಲು ಮೈಮೇಲೆ ನಿಗುರಿ ನಿಂತಿತ್ತು. ಚುಕ್ಕೆ ಹುಡುಕಬೇಕಾದರೆ ಕನ್ನಡಕ ಹಾಕಬೇಕು.

"ಚುಕ್ಕೆ ಎಲ್ಲಿ ಉಂಟು ಇದರಲ್ಲಿ? ನಿನ್ನ ಗಂಡನಿಗೆ ಸರೀ ಟೋಪಿ ಹಾಕಿದ್ದಾರೆ" ಎಂದರು ಅಮ್ಮ. ಜೊತೆಯ ಮಾತಿನ ಸೇಡು ಅಲ್ಲಿ ತೀರಿತು.

ನಾನು ಮರಿ ಮಾರಿದ ಕಲ್ಲಿಕೋಟೆಯವನಿಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಅವನು ಬೈಗುಳಕ್ಕೆ ಪಳಗಿದವನು. ಎಲ್ಲಾ ಗಿರಾಕಿಗಳೂ ಈ ಸಮಯಕ್ಕೆ ಸರಿಯಾಗಿ ಹೀಗೇ ಬೈಯುತ್ತಾರೆ ಎಂದು ನಕ್ಕ. ಹುಟ್ಟುವಾಗ ಚುಕ್ಕೆ ಚೊಕ್ಕವಾಗಿ ಇರುತ್ತದಂತೆ. ಮರಿ ಓಡಾಡಲು ಶುರುಮಾಡುವ ಹೊತ್ತಿಗೆ ಉದ್ದ ಕೂದಲು ಬೆಳೆದು ಎಲ್ಲವನ್ನೂ ಮುಚ್ಚಿಬಿಡುತ್ತದಂತೆ. ಕಾಡಿನಲ್ಲಿ ತಾಯಿ ಬೇಟೆಗೆ ಹೋದಾಗ ಮರಿಗಳು ಯಾರ ಕಣ್ಣಿಗೂ ಬೀಳಬಾರದಲ್ಲ, ಆ ರಕ್ತ ಇನ್ನೂ ಹಳೆಯ ಕೆಲಸ ಬಿಟ್ಟಿಲ್ಲ. ಕೆಲವು ತಿಂಗಳು ಕಳೆದರೆ ಆ ಕೂದಲು ಉದುರಿ ಚುಕ್ಕೆ ಮೇಲೆ ಬರುತ್ತದೆ, ಸ್ವಲ್ಪ ತಾಳ್ಮೆ ಬೇಕು ಎಂದ. ತಾಳ್ಮೆ ನನ್ನ ಹತ್ತಿರ ಇಲ್ಲದ ವಸ್ತು. ಆದರೂ ಕಾದೆ.

ಮಳೆಗಾಲ ಮುಗಿಯುವಾಗ ಹೇಳಿದ ಹಾಗೆಯೇ ಆಯಿತು. ಬೂದಿ ಕಳಚಿ ಒಳಗಿನಿಂದ ಹೊಳೆಯುವ ಮೈ ಬಂತು. ಜೊತೆಗೆ ಕಾಡಿನ ಬುದ್ಧಿಯೂ ಬಂತು. ಬೇರೆ ಬೆಕ್ಕುಗಳು ನೀರು ಕಂಡರೆ ಓಡುತ್ತವೆ, ಇದು ಬಕೆಟಿನೊಳಗೆ ಇಳಿದು ಕುಳಿತುಕೊಳ್ಳುತ್ತಿತ್ತು. ಕಪಾಟಿನ ಮೇಲಿಂದ ನೇರ ಅಮ್ಮನ ಮಂಚಕ್ಕೆ ಹಾರುತ್ತಿತ್ತು. ಕೂಗಿದರೆ ಬೆಕ್ಕೋ ಮಗುವೋ ಎಂದು ರಸ್ತೆಯವರು ನಿಂತು ನೋಡಬೇಕು. ಬಟ್ಟೆ ಕೊಡಲು ಬಂದ ಮಲಯಾಳಿ ಹೆಂಗಸೊಬ್ಬರು "ಅಯ್ಯೋ, ಪುಲಿಪ್ಪೂಚ್ಚ!" ಎಂದು ಬೆರಗಾದರು. ಮಲಯಾಳದಲ್ಲಿ ಪುಲಿ ಎಂದರೆ ಚಿರತೆ, ಪೂಚ್ಚ ಎಂದರೆ ಬೆಕ್ಕು. ನಮ್ಮ ತುಳುವಿನಲ್ಲಿ ಪುಳಿ ಎಂದರೆ ಹುಣಸೆಹುಳಿ. ಕಿವಿ ಸ್ವಲ್ಪ ಮಂದವಾದ ಅಮ್ಮ ಒಳಗಿನಿಂದಲೇ "ಹುಳಿ ಬೆಕ್ಕಾ? ಸಾರಿಗೆ ಹಾಕ್ಲಿಕ್ಕೆ ಆಗ್ತದಾ ಕೇಳು" ಎಂದರು. ಊರಿನ ಬಾಯಿಗೆಲ್ಲ ಅದು ಹುಳಿಬೆಕ್ಕು ಆಯಿತು. ನಾನು ಮಾತ್ರ ಹೈಬ್ರಿಡ್ ಎಂಬುದನ್ನು ಬಿಡಲಿಲ್ಲ.

ಇನ್ನು ತಂಗಿಯ ವಿಷಯ ಹೇಳಬೇಕು. ನನಗೆ ಒಬ್ಬಳೇ ತಂಗಿ. ಕಾಸರಗೋಡು ಪೇಟೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಾಗ ಅಲ್ಲಿಯೇ ಇದ್ದ ಒಬ್ಬರನ್ನು ಮೆಚ್ಚಿ ಮದುವೆಯಾದಳು. ಅವರು ಚೆರ್ವತ್ತೂರಿನ ಕಡೆಯವರು, ಮಲಯಾಳ ಮಾತಾಡುವವರು, ನಮ್ಮ ಜಾತಿಯವರಲ್ಲ. ಅಪ್ಪ ಬದುಕಿರುವವರೆಗೆ ಅವಳು ಗೇಟಿನ ಒಳಗೆ ಬರಲಿಲ್ಲ. ಅಪ್ಪ ಹೋದ ಮೇಲೆ ಅಮ್ಮ ಫೋನು ಮಾಡಿ ಕರೆಸಿಕೊಂಡರು. ಬರುತ್ತಿದ್ದಳು, ಆದರೆ ನೆಂಟರ ಹಾಗೆ ಬರುತ್ತಿದ್ದಳು. ಕುರ್ಚಿಯ ತುದಿಯಲ್ಲಿ ಕುಳಿತು, ಚಹಾದ ಲೋಟ ತಾನೇ ತೊಳೆದಿಟ್ಟು ಹೋಗುತ್ತಿದ್ದಳು. ಭಾವ, ಅಂದರೆ ಅವಳ ಗಂಡ, ಅವಳನ್ನು ಗೇಟಿನ ಹತ್ತಿರ ಇಳಿಸಿ ಕಾರು ತಿರುಗಿಸಿಕೊಂಡು ಹೋಗುತ್ತಿದ್ದರು. ಅವರಿಗೆ ಒಬ್ಬಳು ಮಗಳು, ಈಗ ಐದನೇ ಕ್ಲಾಸು. ನಮ್ಮಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಆ ಕಟ್ಟಿನಂತೆ ನೋಡಿದರೆ ಆ ಹುಡುಗಿ ಈ ಮನೆಯವಳೇ. ಕಟ್ಟುಕಟ್ಟಳೆ ಎಂದು ಸಾಯುವ ನಮ್ಮ ಬಳಗದಲ್ಲಿ ಇದೊಂದು ಕಟ್ಟು ಮಾತ್ರ ಯಾರಿಗೂ ನೆನಪಾಗುತ್ತಿರಲಿಲ್ಲ.

ಅಮ್ಮನಿಗೆ ಒಂದೇ ಆಸೆ. ಮೊಮ್ಮಗಳು ರಜೆಯಲ್ಲಿ ಬಂದು ಈ ಮನೆಯಲ್ಲಿ ನಿಲ್ಲಬೇಕು. ತಂಗಿ ಪ್ರತಿ ಸಲವೂ ಏನಾದರೂ ಹೇಳಿ ತಪ್ಪಿಸುತ್ತಿದ್ದಳು. ಯಾಕೆಂದು ನಾನೂ ಕೇಳಲಿಲ್ಲ, ಅಮ್ಮನೂ ಕೇಳಲಿಲ್ಲ. ಕೇಳಿದರೆ ಅವಳು ಉತ್ತರ ಹೇಳಿಬಿಡುತ್ತಾಳೆಂಬ ಹೆದರಿಕೆ ಇಬ್ಬರಿಗೂ ಇತ್ತು.

ಅವಳು ಒಪ್ಪಿದ್ದು ಬೆಕ್ಕಿನಿಂದಾಗಿ. ಈ ವರ್ಷದ ಮಳೆಗಾಲದ ಶುರುವಿಗೆ ನಮ್ಮ ಹುಳಿಬೆಕ್ಕು ಬೆದೆಗೆ ಬಂದು ಮನೆ ಕಿತ್ತುಹೋಗುವ ಹಾಗೆ ಕೂಗಿತು. ಕಲ್ಲಿಕೋಟೆಯ ಒಂದು ಗಂಡಿನ ಜೊತೆ ಸೇರಿಸುವುದೆಂದು ಮಾತಾಗಿತ್ತು. ಫೋಟೊ ನೋಡಿಯಾಗಿತ್ತು, ತಂದೆತಾಯಿ ಯಾರೆಂದು ವಿಚಾರಿಸಿಯಾಗಿತ್ತು, ಜಾತಕ ಕೂಡಿಸುವುದೊಂದೇ ಬಾಕಿ. ನಾನು ಬಾಗಿಲು ಕಿಟಕಿ ಎಲ್ಲಾ ಹಾಕಿ ಕಾದೆ. ಆದರೆ ಹೊಲಿಗೆ ಅಂಗಡಿಯ ಬಾಗಿಲು ಎಷ್ಟು ಹೊತ್ತು ಹಾಕಿಡಲು ಆಗುತ್ತದೆ? ಯಾರೋ ಬ್ಲೌಸ್ ಕೇಳಿ ಬಂದರು, ಬೆಕ್ಕು ಹಾರಿತು. ಎರಡು ದಿನ ಬಿಟ್ಟು ಬಂದಾಗ ಮೀನು ಮಾರ್ಕೆಟಿನ ಕಿವಿಹರಿದ ಕೆಂಚು ಗಂಡುಬೆಕ್ಕು ನಮ್ಮ ಕಾಂಪೌಂಡಿನ ಮೇಲೆ ಅಳಿಯನ ಹಾಗೆ ಕುಳಿತಿತ್ತು.

ಆಟಿ ತಿಂಗಳ ಜಡಿಮಳೆಯಲ್ಲಿ ನನ್ನ ಕಟಿಂಗ್ ಮೇಜಿನ ಅಡಿಯಲ್ಲಿ, ತುಂಡುಬಟ್ಟೆ ತುಂಬಿದ ರಟ್ಟಿನ ಪೆಟ್ಟಿಗೆಯಲ್ಲಿ ಮರಿಗಳು ಹುಟ್ಟಿದವು. ಅಮ್ಮ ಮೊಮ್ಮಗಳಿಗೆ ವಿಡಿಯೊ ಕಾಲಿನಲ್ಲಿ ತೋರಿಸಿದರು. ಹುಡುಗಿ ಹಠ ಹಿಡಿದಳು. ಓಣಂ ರಜೆಗೆ ತಂಗಿ ಅವಳನ್ನು ತಂದು ಬಿಟ್ಟಳು. ಹೊರಡುವಾಗ ನನ್ನನ್ನು ಬದಿಗೆ ಕರೆದು, "ಅಕ್ಕ, ನಿನ್ನನ್ನು ನಂಬಿ ಬಿಟ್ಟು ಹೋಗ್ತಾ ಇದ್ದೇನೆ. ಅವಳೆದುರು ಯಾರೂ ಎಂತದ್ದೂ ಹೇಳದ ಹಾಗೆ ನೋಡಿಕೋ ಮಾರಾಯ್ತಿ" ಎಂದಳು. "ನಾನಿರುವಾಗ ಯಾರು ಹೇಳ್ತಾರೆ? ಹೇಳಲಿ ನೋಡುವ" ಎಂದೆ. ಅಷ್ಟು ಧೈರ್ಯದಲ್ಲಿ ಹೇಳಿದೆ.

ಹುಡುಗಿ ಬಂದು ಮನೆ ತುಂಬಿತು. ಒಂದೇ ವಾಕ್ಯದಲ್ಲಿ ತುಳು, ಕನ್ನಡ, ಮಲಯಾಳ ಮೂರನ್ನೂ ಸೇರಿಸಿ ಮಾತಾಡುತ್ತಿದ್ದಳು. ಅಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಳ್ಳುತ್ತಿದ್ದರು. ಇಡೀ ದಿನ ಅವಳು ಕಟಿಂಗ್ ಮೇಜಿನ ಅಡಿಯಲ್ಲೇ. ಮರಿಗಳಲ್ಲಿ ಎರಡು ಅಪ್ಪನ ಹಾಗೆ ಕೆಂಚು. ಒಂದಕ್ಕೆ ಮಾತ್ರ ಹುಟ್ಟುವಾಗ ಅಲ್ಲಲ್ಲಿ ಚುಕ್ಕೆಯ ಗುರುತು ಇತ್ತು, ಈಗ ಅದೂ ಅಳಿಸಿ ಬೂದಿಬಣ್ಣಕ್ಕೆ ತಿರುಗಿತ್ತು. ಹುಡುಗಿಗೆ ಅದೇ ಬೇಕು. "ಇದರ ಚುಕ್ಕೆ ಎಲ್ಲಿಗೂ ಹೋಗ್ಲಿಲ್ಲ ದೊಡ್ಡಮ್ಮ, ಕೂದಲಿನ ಅಡಿಯಲ್ಲಿ ಉಂಟು" ಎಂದು ನನಗೇ ಪಾಠ ಹೇಳಿದಳು.

ಮೀಂಜದಿಂದ ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ, ಬ್ಲೌಸ್ ಹೊಲಿಸಲು ಬಂದದ್ದು ಆ ರಜೆಯಲ್ಲೇ. ನಾನು ಅಳತೆ ತೆಗೆಯುತ್ತಿದ್ದೆ. ಮರಿಗಳ ಕೂಗು ಕೇಳಿ ಚಿಕ್ಕಮ್ಮ, "ಓ, ನಿನ್ನ ಹೈಬ್ರಿಡ್ ಮರಿ ಹಾಕಿದೆಯಂತಲ್ಲ. ನನಗೊಂದು ಕೊಡು" ಎಂದರು. ಕಲ್ಲಿಕೋಟೆಯ ಸಂಬಂಧ ತಪ್ಪಿದ ಸಿಟ್ಟು ನನಗೆ ಇನ್ನೂ ಆರಿರಲಿಲ್ಲ. ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ತೆಗೆದು ಹೇಳಿದೆ:

"ಎಂತ ಹೈಬ್ರಿಡ್ ಚಿಕ್ಕಮ್ಮ, ಎಲ್ಲಾ ಬೆರಕೆ. ತಾಯಿಯ ಜಾತಿ ನೋಡಿದರೆ ಎಂಥದ್ದು! ಯಾವುದೋ ಮಾರ್ಕೆಟಿನದ್ದರ ಹಿಂದೆ ಹೋಗಿ ಕುಲಗೆಡಿಸಿ ಬಂತು. ಅತ್ಲಾಗೂ ಅಲ್ಲ, ಇತ್ಲಾಗೂ ಅಲ್ಲ. ಇದನ್ನು ಯಾರು ಕೇಳ್ತಾರೆ?"

ಚಿಕ್ಕಮ್ಮ ನಗಲಿಲ್ಲ. ಅವರ ಕಣ್ಣು ನನ್ನನ್ನು ದಾಟಿ ಮೇಜಿನ ಕಡೆ ಹೋಯಿತು. ಅಂಚಿನಿಂದ ಇಳಿಬಿದ್ದ ಬಟ್ಟೆಯನ್ನು ಸರಿಸಿಕೊಂಡು ಹುಡುಗಿ ಹೊರಗೆ ಬಂದಿದ್ದಳು. ಕೈಯಲ್ಲಿ ಆ ಬೂದಿ ಮರಿ. ಅವಳು ಅಲ್ಲೇ ಇದ್ದದ್ದು ನನಗೆ ಗೊತ್ತಿಲ್ಲದ ವಿಷಯವೇನಲ್ಲ, ಅವಳು ಮತ್ತೆಲ್ಲಿರುತ್ತಾಳೆ? ಮರೆತಿದ್ದೆ, ಅಷ್ಟೆ. ಚಿಕ್ಕಮ್ಮ "ಮಗು ಉದ್ದ ಆಗಿದ್ದಾಳಲ್ಲ" ಎಂದು ಏನೋ ಹೇಳಿದರು. ಅವರು ಯಾವತ್ತೂ ಅವಳನ್ನು ಹೊಗಳಿದವರಲ್ಲ. ಅದರಿಂದ ನನ್ನ ಮಾತು ಎಲ್ಲಿ ಹೋಗಿ ಬಿದ್ದಿದೆ ಎಂಬುದು ಇನ್ನೂ ಸ್ಪಷ್ಟವಾಯಿತು. ತೋಳಿನ ಅಳತೆಯನ್ನು ನಾನು ಮತ್ತೆ ಮೊದಲಿನಿಂದ ತೆಗೆದೆ.

ಚಿಕ್ಕಮ್ಮ ಹೋದ ಮೇಲೆ ಹುಡುಗಿ ಕೇಳಿದಳು: "ದೊಡ್ಡಮ್ಮ, ಬೆರಕೆ ಅಂದ್ರೆ ಎಂತ?"

ಮಿಷನ್ ತುಳಿಯುತ್ತಾ, ಅವಳ ಮುಖ ನೋಡದೆ ಹೇಳಿದೆ: "ಎರಡು ಒಳ್ಳೆಯದು ಸೇರಿದರೆ ಅದಕ್ಕೆ ಬೆರಕೆ ಅಂತ ಹೇಳುವುದು. ಪಾಯಸಕ್ಕೆ ಬೆಲ್ಲ, ಕಾಯಿಹಾಲು ಎರಡೂ ಹಾಕ್ತೇವಲ್ಲ, ಹಾಗೆ."

"ಮತ್ತೆ ಕುಲಗೆಡಿಸುವುದು?"

"ಅದು... ಅದು ಹೊಲಿಗೆಯವರ ಮಾತು. ಬಟ್ಟೆ ತಪ್ಪು ಕಟ್ ಮಾಡಿದರೆ ಹೇಳ್ತೇವೆ."

"ಹಾಂ" ಎಂದಳು. ಸ್ವಲ್ಪ ಹೊತ್ತು ಮರಿಯ ಕಿವಿ ಸವರುತ್ತಾ ನಿಂತು, "ಹಾಗಾದ್ರೆ ಬೆರಕೆ ಒಳ್ಳೆ ಪದ" ಎಂದಳು. ನಾನು ತಲೆಯಾಡಿಸಿದೆ. ದಾರ ತುಂಡಾಯಿತು. ಮತ್ತೆ ಪೋಣಿಸಲು ಹೋದರೆ ಸೂಜಿಯ ಕಣ್ಣೇ ಕಾಣಿಸಲಿಲ್ಲ. ನಾಚಿಕೆ ಎಂಬ ಪದವನ್ನು ನಾನು ಸಾವಿರ ಸಲ ಬಳಸಿದವಳು, ಹೆಚ್ಚಾಗಿ ಬೇರೆಯವರಿಗೆ. "ನಾಚಿಕೆ ಆಗುದಿಲ್ವಾ ನಿನಗೆ?" ಎಂದು ತಂಗಿಗೂ ಅವಳ ಮದುವೆಯ ಕಾಲದಲ್ಲಿ ಹೇಳಿದ್ದೆ. ನನಗೇ ಅದು ಆದದ್ದು ಆ ದಿನ. ಜಾತಿಬೆಕ್ಕು ಇಟ್ಟುಕೊಂಡು ಮೆರೆಯುವ ನನ್ನ ಮನೆಯಲ್ಲಿ, ಕಾಡಿನದ್ದೂ ಊರಿನದ್ದೂ ಸೇರಿ ಹುಟ್ಟಿದ್ದು ಹೈಬ್ರಿಡ್. ಅದಕ್ಕೆ ನೆಂಟರೆದುರು ಸೋಫಾದ ಮೇಲೆ ಜಾಗ. ಮಾರ್ಕೆಟಿನದ್ದು ಸೇರಿ ಹುಟ್ಟಿದ್ದು ಬೆರಕೆ. ಎರಡೂ ಒಂದೇ ಎಂಬುದು ಹೊಲಿಗೆ ಮಾತ್ರ ಕಲಿತ ನನಗೂ ತಿಳಿಯುವ ವಿಷಯ. ತಿಳಿದಿದ್ದೂ ನಾಲಿಗೆ ಆ ಕಡೆಗೇ ಹರಿದಿತ್ತು.

ಬೂದಿ ಮರಿ ಇನ್ನೂ ತಾಯಿಯ ಹಾಲು ಬಿಟ್ಟಿರಲಿಲ್ಲ. ನವರಾತ್ರಿ ಕಳೆದ ಮೇಲೆ ಅದನ್ನು ಹುಡುಗಿಗೆ ಕೊಡುವುದೆಂದು ಮಾತಾಯಿತು. ಅಷ್ಟರಲ್ಲಿ ಹುಡುಗಿ ಎಲ್ಲಾ ಮರೆತಿರುತ್ತಾಳೆ ಎಂದುಕೊಂಡೆ. ಮಕ್ಕಳಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮರಿಯನ್ನು ಒಯ್ಯಲು ಮೂವರೂ ಬಂದರು. ಭಾವ ಮೊದಲ ಸಲ ಗೇಟು ದಾಟಿ ಒಳಗೆ ಬಂದರು, ಕೈಯಲ್ಲಿ ಟವೆಲ್ ಹಾಸಿದ ಒಂದು ಪ್ಲಾಸ್ಟಿಕ್ ಬುಟ್ಟಿ. ಮಗಳ ಬೆಕ್ಕಿಗಾಗಿ ಅವರು ಆ ಗೇಟು ದಾಟಿದ್ದು. ನಾವು ಮನುಷ್ಯರು ಕರೆದು ಆದದ್ದಲ್ಲ. ಅಮ್ಮ ತಾವೇ ಕುರ್ಚಿ ಎಳೆದುಕೊಟ್ಟರು. ನಾನು ಅವಲಕ್ಕಿ ಕಲಸಲು ಒಳಗೆ ಹೋದೆ.

ಅಷ್ಟರಲ್ಲಿ ಹೊರಗಿನಿಂದ ಹುಡುಗಿಯ ಸ್ವರ. ರಸ್ತೆಯ ಆಚೆಗೂ ಕೇಳುವಷ್ಟು ಜೋರಾಗಿ: "ಬೆರಕೇ! ಬಾ ಬಾ! ಬೆರಕೇ!"

ನಾನು ಅಡುಗೆಮನೆಯ ಬಾಗಿಲಿಗೆ ಬಂದೆ. ಬೂದಿ ಮರಿ ಮೇಜಿನ ಅಡಿಯಿಂದ ಓಡಿ ಬಂದು ಅವಳ ಕಾಲು ಸುತ್ತಿತು. ಆ ಹೆಸರಿಗೆ ಅದನ್ನು ಓಣಂ ರಜೆಯಲ್ಲೇ ಪಳಗಿಸಿದ್ದಳು, ನಮಗೆ ಕೇಳಿಸದ ಹಾಗೆ.

ಭಾವನಿಗೆ ಕನ್ನಡವೂ ಅಷ್ಟಕ್ಕಷ್ಟೆ, ತುಳುವೂ ಅಷ್ಟಕ್ಕಷ್ಟೆ. ಅವರು ತಮ್ಮ ಊರಿನಲ್ಲಿ ಕೇಳಿದ ಪದಕ್ಕೆ ಅದನ್ನು ಹೊಂದಿಸಿಕೊಂಡರು. "ಬರ್ಕತ್ತಾ?" ಎಂದು ಕೇಳಿದರು. ಅಲ್ಲಿಯ ಮಾಪಿಳ್ಳೆ ಮುಸಲ್ಮಾನರ ಬಾಯಲ್ಲಿ ಬರ್ಕತ್ ಎಂದರೆ ದೇವರು ಕೊಟ್ಟ ಸಮೃದ್ಧಿ. "ನಲ್ಲ ಪೇರ್, ಚೇಚ್ಚಿ" ಎಂದು ನನ್ನ ಕಡೆ ನೋಡಿ ನಕ್ಕರು. ಒಳ್ಳೆಯ ಹೆಸರು, ಅಕ್ಕ ಎಂದರ್ಥ. ಎಷ್ಟು ಚೊಕ್ಕ ನಗು ಅದು. ತಂಗಿ ಮಾತ್ರ ನಗಲಿಲ್ಲ. ಅವಳು ನನ್ನನ್ನೇ ನೋಡಿದಳು. ಆ ಪದ ಯಾವ ಬಾಯಿಂದ ಬಂದದ್ದೆಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ, ಅವಳೂ ಇದೇ ಮನೆಯಲ್ಲಿ ಹುಟ್ಟಿದವಳು. ಅವಲಕ್ಕಿ ತಿಂದರು, ಹೊರಟರು. ತಂಗಿ ತಟ್ಟೆ ತೊಳೆದಿಟ್ಟು ಹೋದಳು.

ಮರುದಿನ ಅವಳೇ ಫೋನು ಮಾಡಿದಳು.

"ಅಕ್ಕ, ಆ ಹೆಸರು ಯಾರು ಇಟ್ಟದ್ದು?"

"ಅವಳೇ. ನನಗೆ ಗೊತ್ತೇ ಇರಲಿಲ್ಲ."

"ಅರ್ಥ ಹೇಳಿಕೊಟ್ಟದ್ದು ನೀನಂತೆ."

ನಾನು ಎಲ್ಲವನ್ನೂ ಹೇಳಿದೆ. ಚಿಕ್ಕಮ್ಮ ಬಂದದ್ದು, ನಾನು ಆಡಿದ್ದು, ಆಮೇಲೆ ಪಾಯಸದ ಕಥೆ ಕಟ್ಟಿದ್ದು. "ಹೇಗೂ ಮಗುವಿಗೆ ಅರ್ಥ ಆಗ್ಲಿಲ್ಲ, ಅದೊಂದು ಪುಣ್ಯ" ಎಂದೂ ಸೇರಿಸಿದೆ.

"ಅವಳಿಗೆ ಆ ಪದ ಮೊದಲೇ ಗೊತ್ತುಂಟು ಅಕ್ಕ" ಎಂದಳು. "ನಮ್ಮವರದ್ದೇ ಒಂದು ಮದುವೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು ಅವಳನ್ನು ತೋರಿಸಿ ಹೇಳಿದ್ರು. ಮನೆಗೆ ಬಂದು ಕೇಳಿದಳು. ನಾನು ಸುಳ್ಳು ಹೇಳ್ಲಿಲ್ಲ, ಬಿಡಿಸಿ ಹೇಳಿದೆ."

"ಗೊತ್ತಿದ್ದೂ ನನ್ನ ಹತ್ರ ಯಾಕೆ ಕೇಳಿದಳು?"

"ನೀನು ಎಂತ ಹೇಳ್ತಿ ಅಂತ ನೋಡ್ಲಿಕ್ಕೆ ಇರಬೇಕು. 'ದೊಡ್ಡಮ್ಮ ಹೇಳಿದ ಅರ್ಥ ಚಂದ ಉಂಟು ಅಮ್ಮ, ನಾನು ಅದನ್ನೇ ಇಟ್ಟುಕೊಳ್ತೇನೆ' ಅಂತ ಹೇಳಿದಳು."

ಹುಡುಗಿ ನನ್ನ ಸುಳ್ಳನ್ನು ನಂಬಿದ್ದಳೆಂಬ ಧೈರ್ಯದ ಮೇಲೆ ನಾನು ಅಷ್ಟು ದಿನ ತಲೆಯೆತ್ತಿ ಓಡಾಡಿದ್ದೆ. ಅವಳು ನಂಬಿರಲಿಲ್ಲ. ಬೈಯಲೂ ಇಲ್ಲ, ಅಳಲೂ ಇಲ್ಲ. ನನ್ನ ಮುಖ ಉಳಿಸಿ, ಸುಳ್ಳನ್ನು ಮಡಚಿ ತನ್ನ ಹತ್ತಿರ ಇಟ್ಟುಕೊಂಡಳು. ಅವಳಷ್ಟು ವಯಸ್ಸಿನಲ್ಲಿ ನಾನು ತಂಗಿಯ ಕೂದಲು ಹಿಡಿದು ಜಗಳಾಡುತ್ತಿದ್ದೆ.

"ಕ್ರಿಸ್‌ಮಸ್ ರಜೆಗೆ ಕಳಿಸ್ತೀಯಾ?" ಎಂದು ಕೇಳಿದೆ.

"ನನ್ನದು ಎಂತದ್ದೂ ಇಲ್ಲ. ಅವಳನ್ನೇ ಕೇಳು."

ಕೇಳುವ ಧೈರ್ಯ ನನಗೆ ಬರಲಿಲ್ಲ. ವಾಟ್ಸಾಪಿನಲ್ಲಿ ಮರಿಯ ಫೋಟೊ ಬರುತ್ತಿತ್ತು, ನಾನು ಹೃದಯದ ಚಿತ್ರ ಒತ್ತಿ ಸುಮ್ಮನಾಗುತ್ತಿದ್ದೆ. ಒಂದೊಂದು ಫೋಟೊದಲ್ಲಿ ಬೂದಿಗೂದಲು ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಾ ಬಂತು. ಅಮ್ಮ ದಿನಾ "ಮಗು ಬರ್ತದಾ, ಕೇಳಿದೆಯಾ?" ಎನ್ನುತ್ತಿದ್ದರು. "ಪರೀಕ್ಷೆ ಮುಗೀಲಿ" ಎಂದು ಹಾರಿಸುತ್ತಿದ್ದೆ. ಅವಳು ಬರುವುದಿಲ್ಲ ಎಂದರೆ ಅಮ್ಮನಿಗೆ ಏನು ಕಾರಣ ಹೇಳುವುದು ಎಂಬುದೇ ಚಿಂತೆ. ಕಾರಣ ನಾನೇ ಎಂದು ಹೇಳುವಷ್ಟು ಒಳ್ಳೆಯವಳು ನಾನಲ್ಲ.

ಕೊನೆಗೆ ಅವಳೇ ಅಜ್ಜಿಗೆ ಫೋನು ಮಾಡಿ ಬರುತ್ತೇನೆಂದಳು. ಬೆಕ್ಕನ್ನೂ ತಂದಳು. ಅದು ಬುಟ್ಟಿಯಿಂದ ಇಳಿಯಿತು. ಎರಡೂ ಪಕ್ಕೆಯಲ್ಲಿ ಕಪ್ಪು ಚುಕ್ಕೆ ತುಂಬಿ ಬಂದಿತ್ತು. ಬೆನ್ನಿಗೆ ಅಪ್ಪನ ಕೆಂಚು ಬಣ್ಣ, ಹೊಟ್ಟೆಗೆ ತಾಯಿಯ ಬಿಳಿ. ಕಲ್ಲಿಕೋಟೆಯವನು ಇದನ್ನು ಕೈಯಲ್ಲೂ ಮುಟ್ಟಲಿಕ್ಕಿಲ್ಲ. ನಾನು ನೋಡಿದ ಬೆಕ್ಕುಗಳಲ್ಲಿ ಇಷ್ಟು ಚಂದದ್ದು ಇನ್ನೊಂದಿಲ್ಲ. ಈ ಮಾತನ್ನು ಹುಡುಗಿಗೆ ಹೇಳಬೇಕೆಂದು ಬಾಯಿ ತೆರೆದೆ, ಹೊಗಳಿ ತಪ್ಪು ತೊಳೆದುಕೊಳ್ಳುತ್ತಿದ್ದೇನೆ ಎಂದು ಅವಳಿಗೆ ಅನಿಸೀತೆಂದು ಮುಚ್ಚಿದೆ.

ಮರುದಿನ ಮಧ್ಯಾಹ್ನದ ಊಟದ ಹೊತ್ತು. ಹೊಸ ಬ್ಲೌಸಿನ ತೋಳು ಬಿಗಿಯಾಯಿತೆಂದು ಸರಿಮಾಡಿಸಲು ಚಿಕ್ಕಮ್ಮ ಬಂದಿದ್ದರು. ಆ ದಿನದ ಅಳತೆ ಸರಿಯಾಗುವುದಾದರೂ ಹೇಗೆ? ಅಂಗಡಿಯ ಬೆಂಚಿನಲ್ಲಿ ಬೇರೆ ಇಬ್ಬರು ಕಾಯುತ್ತಿದ್ದರು. ಅಮ್ಮ ಜಗಲಿಯಲ್ಲಿ ಕುಳಿತಿದ್ದರು. ಬೆಕ್ಕು ಕಾಂಪೌಂಡಿನ ಗೋಡೆಯ ಮೇಲೆ, ಹಿಂದೆ ಅದರ ಅಪ್ಪ ಕುಳಿತ ಜಾಗದಲ್ಲೇ ಕುಳಿತಿತ್ತು. ನಾನು ತಟ್ಟೆಯಲ್ಲಿ ಬೂತಾಯಿ ಮೀನು ಹಾಕಿಕೊಂಡು ಅಂಗಳಕ್ಕೆ ಇಳಿದು "ಪುಚ್ಚೇ, ಪುಚ್ಚೇ" ಎಂದು ಕರೆದೆ. ಅದು ತಿರುಗಿಯೂ ನೋಡಲಿಲ್ಲ. "ಬಾ ಬಾ" ಎಂದೆ, ತಟ್ಟೆ ಬಡಿದೆ. ಬಾಲ ಕೂಡ ಅಲ್ಲಾಡಲಿಲ್ಲ.

ಹುಡುಗಿ ಮೆಟ್ಟಿಲಲ್ಲಿ ಕುಳಿತು ನೋಡುತ್ತಿದ್ದಳು. "ಹೆಸರು ಹೇಳಿ ಕರೆದರೆ ಮಾತ್ರ ಬರ್ತದೆ ದೊಡ್ಡಮ್ಮ" ಎಂದಳು.

"ನೀನು ಕರೆ ಪುಟ್ಟ."

"ತಟ್ಟೆ ನಿಮ್ಮ ಕೈಯಲ್ಲಿ ಉಂಟಲ್ಲ. ನೀವೇ ಕರೆಯಿರಿ."

ಅವಳ ಮುಖದಲ್ಲಿ ಕುಚೋದ್ಯ ಇರಲಿಲ್ಲ. ಸುಮ್ಮನೆ ಕಾಯುತ್ತಿದ್ದಳು. ಚಿಕ್ಕಮ್ಮ ಬಾಗಿಲಿಗೆ ಬಂದು ನಿಂತರು. ಅಮ್ಮ ಕಿವಿಯ ಹಿಂದೆ ಕೈ ಇಟ್ಟುಕೊಂಡರು. ಹೈಬ್ರಿಡ್ ಎನ್ನುವಾಗ ತಾನಾಗಿ ಏರುತ್ತಿದ್ದ ಸ್ವರವನ್ನು ನಾನು ಹುಡುಕಿದೆ, ಸಿಗಲಿಲ್ಲ. ತಟ್ಟೆ ನೋಡಿಕೊಂಡು, ತುಟಿಯಲ್ಲೇ ಎಂಬಂತೆ "ಬೆರಕೆ" ಎಂದೆ.

ಬೆಕ್ಕು ಒಂದು ಕಿವಿ ತಿರುಗಿಸಿತು.

"ಅಷ್ಟು ಸಣ್ಣ ಸ್ವರದಲ್ಲಿ ಅದಕ್ಕೆ ಕೇಳುದಿಲ್ಲ ದೊಡ್ಡಮ್ಮ" ಎಂದಳು ಹುಡುಗಿ. "ಅವತ್ತು ಹೇಳಿದಿರಲ್ಲ, ಅಷ್ಟು ಜೋರಾಗಿ ಹೇಳಿ."